ಬೆಲೆಯಿಲ್ಲದ ಆಟದ ಬೆಲೆ

ಬಿಟ್ಟಿ ದೊರೆತ ವಸ್ತುವಿಗೆ ಬೆಲೆಯಿಲ್ಲವೆಂಬುದು ಪೇಟೆಯ ನ್ಯಾಯ. ಕಲೆಗೂ ಅದನ್ನೇ ಅನ್ವಯಿಸುವುದು ತರವಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ವಸ್ತುಗಳನ್ನು ಮೌಸಿನಿಂದ ಕ್ಲಿಕ್ಕಿಸುತ್ತ, ಒಗಟುಗಳನ್ನು ಬಿಡಿಸುತ್ತ ಕಥೆಯನ್ನು ಮುಂದುವರಿಸುವ ಸಾಹಸದ ಆಟಗಳ ಚರಿತ್ರೆಯೇ ಇದಕ್ಕೆ ಸಾಕ್ಷಿ.

1987ರ ‘ಮೇನಿಯಾಕ್ ಮ್ಯಾನ್ಷನ್’ ಈ ಪ್ರಕಾರಕ್ಕೆ ದಾರಿ ತೋರಿದ ಕೃತಿಗಳಲ್ಲೊಂದು. ಮುಂದೆ ದೊಡ್ಡ ಸಂಸ್ಥೆಗಳ ಆಸಕ್ತಿ ಕುಗ್ಗಿದಾಗ ಅದನ್ನು ಬದುಕಿಸಿಕೊಂಡವರಲ್ಲಿ ಹವ್ಯಾಸಿಗಳ ಪಾಲು ಹಿರಿದು. ಇಂಥ ಆಟಗಳನ್ನು ಕಟ್ಟುವ ಸಲಕರಣೆಯೊಂದನ್ನು ಬ್ರಿಟನ್ನಿನ ಕ್ರಿಸ್ ಜೋನ್ಸ್ 1997ರಲ್ಲಿ ಹೊರತಂದರು. ‘ಅಡ್ವೆಂಚರ್ ಗೇಮ್ ಸ್ಟುಡಿಯೊ’ ಎಂಬ ಹೆಸರಿನ ಅದಕ್ಕೆ ಹಣ ತೆರಬೇಕಾಗಿಲ್ಲ. ಬೆನ್ ಕ್ರೋಶಾ ಅದರಿಂದಲೇ ‘ಫೈವ್ ಡೇಸ್ ಎ ಸ್ಟ್ರೇಂಜರ್’ ರಚಿಸಿ 2003ರಲ್ಲಿ ಉಚಿತವಾಗಿ ಹಂಚಿದರು. ಹಳೆಯ ಬಂಗಲೆಗೆ ಕನ್ನ ಹಾಕಲು ಹೋದ ಕಳ್ಳ ಅಲ್ಲಿಯೇ ಸೆರೆಯಾಗುವ ಆ ಕಥೆಯನ್ನು ಬಲ್ಲವರು ಇಂದಿಗೂ ನೆನೆಯುತ್ತಾರೆ.

ಆದರೆ ಉಚಿತವೆಂಬುದು ಅಜಾಗರೂಕತೆಗೆ ರಹದಾರಿಯಾಗಬಾರದು. ಆಡುವವನು ಹಣ ತೆರದಿದ್ದರೂ ತನ್ನ ಸಂಜೆಗಳನ್ನು ತೆರುತ್ತಾನೆ. ಒಗಟಿನ ಸುಳಿವು ಕಥೆಯೊಳಗೇ ಇರಬೇಕು. ಕಣ್ಣಿಗೆ ಕಾಣದ ಚುಕ್ಕೆಯೊಂದನ್ನು ಹುಡುಕಿಸಿ ದಣಿಸುವುದು ಜಾಣತನವೆನಿಸದು. ಹಂಚುವ ಮುನ್ನ ಗೆಳೆಯನೊಬ್ಬನನ್ನು ಆಡಲು ಕೂರಿಸಿ, ಬಾಯಿ ಬಿಡದೆ ಪಕ್ಕದಲ್ಲಿದ್ದು, ಅವನು ಎಡವುವ ಎಡೆಗಳನ್ನು ಗುರುತಿಸಿಕೊಂಡು ತಿದ್ದುವುದು ಕರ್ತೃವಿನ ಧರ್ಮ.

ಪಡೆದವನಿಗೂ ಋಣವುಂಟು. ಕೊನೆಯವರೆಗೆ ಆಡಿ, ಕಂಡ ಗುಣದೋಷಗಳನ್ನು ನಾಲ್ಕು ಮಾತಿನಲ್ಲಿ ಕರ್ತೃವಿಗೆ ತಿಳಿಸಿದರೆ ಅದು ತೀರುತ್ತದೆ. ಅಷ್ಟೂ ಸಲ್ಲದಿದ್ದರೆ ಮುಂದಿನ ಆಟ ಹುಟ್ಟುವುದೆಂತು?