ಕಲ್ಯಾಣದ ಲೆಕ್ಕ – 7 | ಒಂದು ತಾಸಿನ ವಿಮಾನ, ಒಂಬತ್ತೂವರೆ ತಾಸಿನ ದಾರಿ

ಬೀದರ್‌ನಿಂದ ಬೆಂಗಳೂರಿಗೆ ವಿಮಾನದಾಗ ಎಷ್ಟು ದೂರ ಅಂತ ಫೋನಿನಾಗ ಹುಡುಕ್ರಿ. ನೆಟ್ಟಗ ಅಳೆದರ ಸುಮಾರು 520 ಕಿ.ಮೀ., ಒಂದು ತಾಸು ಚಿಲ್ಲರೆ. ಖರೇ ಅದ. ಆದರ ಅದು ರನ್‌ವೇಯಿಂದ ರನ್‌ವೇಗೆ. ರನ್‌ವೇ ಮ್ಯಾಲ ಯಾರ ಮನೀನೂ ಇಲ್ಲ.

ಹೋದ ವರ್ಷ ನಮ್ಮ ಆಯಿ ತೀರಿಕೊಂಡಳು. ರಾತ್ರಿ 11ಕ್ಕ ಬೆಂಗಳೂರಿನಾಗಿರೋ ಅಕ್ಕಗ ಫೋನ್ ಮಾಡಿದ್ವಿ. ಅಷ್ಟೊತ್ತಿಗೆ ನಮ್ಮ ಕಡಿ ಬಸ್ಸು ಎಲ್ಲಾ ಬಿಟ್ಟಿದ್ವು. ಮರುದಿನ ಬೀದರ್‌ಗೆ ವಿಮಾನ ಇರಲಿಲ್ಲ. ಹೈದರಾಬಾದಿನ ಟಿಕೆಟ್ ತೆಗೆದಳು. ನಸುಕಿನಾಗ 3.30ಕ್ಕ ರೂಮು ಬಿಟ್ಟು, 6.30ರ ವಿಮಾನ ಹತ್ತಿ, 7.45ಕ್ಕ ಶಂಷಾಬಾದಿನಾಗ ಇಳಿದಳು. ಅಲ್ಲಿಂದ ಪಟಾನ್‌ಚೆರು, ಜಹೀರಾಬಾದ್, ಹುಮನಾಬಾದ್ ದಾಟಿ ಕಲ್ಯಾಣ ಮುಟ್ಟಿದಾಗ ಮಧ್ಯಾಹ್ನ 1 ಗಂಟೆ. ಹಿರಿಯರು 12ರ ತನಕ ಕಾದರು. ಬ್ಯಾಸಿಗಿ, ಇನ್ನೆಷ್ಟು ಕಾಯಬೇಕು? ಮಣ್ಣು ಮುಗಿದಿತ್ತು.

ಒಂಬತ್ತೂವರೆ ತಾಸಿನಾಗ ಆಕಿ ಗಾಳಿಯಾಗ ಇದ್ದದ್ದು ಒಂದೂಕಾಲು ತಾಸು.

ನಾ ಬಿ.ಕಾಂ. ಓದವ, ಎಲ್ಲದಕ್ಕೂ ಲೆಕ್ಕ ಹಚ್ಚೂದು ಚಟ. ಮಾಲು ಎಷ್ಟೇ ಮಾರಿದರೂ ಅಂಗಡಿ ಬಾಡಿಗಿ ಅಷ್ಟೇ, ಅದು ಫಿಕ್ಸ್‌ಡ್ ಕಾಸ್ಟ್. ಏರ್‌ಪೋರ್ಟಿಗೆ ಹೋಗೂದು, ಚೆಕಿಂಗ್ ಸಾಲು, ಇಳಿದ ಮ್ಯಾಲೆ ಊರಿನ ದಾರಿ, ಇವೂ ಬಾಡಿಗಿ ಇದ್ದಂಗ. ದುಬೈಗೆ ಹಾರೋರಿಗೆ ಆ ಬಾಡಿಗಿ ಹತ್ತೂದಿಲ್ಲ. ನಮ್ಮಂಥ ಗಿಡ್ಡ ದಾರಿಯವರಿಗೆ ಲಾಭ ಎಲ್ಲಾ ಅದರಾಗ ಹೋಗ್ತದ.

ಬೀದರ್–ಬೆಂಗಳೂರು ವಿಮಾನ 2020ರ ಫೆಬ್ರುವರಿಯಲ್ಲಿ ಶುರುವಾಯಿತು. ನಡುವೆ ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಬಂತು. ಪ್ರತಿ ಸಲ ಫೋಟೊ, ಹಾರ, ಪೇಢಾ. (ಸ್ಟೇಟಸ್ ಹಾಕಿದವರೊಳಗ ನಾನೂ ಒಬ್ಬ.) ಕಲ್ಯಾಣದವ ಆ ವಿಮಾನ ಹತ್ತಬೇಕಂದ್ರ ಮೊದಲು ಸುಮಾರು 80 ಕಿ.ಮೀ. ಹೋಗಬೇಕು. ಹುಮನಾಬಾದಿನವರಿಗೆ 50. ಸ್ವಂತ ಕಾರು ಇದ್ದವರಿಗೆ ಅದು ದೊಡ್ಡದಲ್ಲ. ಕಾರು ಇಲ್ಲದವ ಟ್ಯಾಕ್ಸಿಗೆ ಕೊಡೋ ರೊಕ್ಕದಾಗ ಬೆಂಗಳೂರು ಬಸ್ಸಿನ ಟಿಕೆಟ್ ಬರ್ತದ.

ಉಡಾನ್ ಯೋಜನೆಯಲ್ಲಿ ಮಾರ್ಗದ ನಷ್ಟ ತುಂಬಲು ಸರ್ಕಾರ ವಿಮಾನ ಕಂಪನಿಗೆ 3 ವರ್ಷದವರೆಗೆ ಹಣ ಕೊಡುತ್ತದೆ. ಕೊಡಲಿ. ಅದರೊಳಗ ಒಂದು ಚೂರು ಬಸ್ಸಿಗೂ ಇಡ್ರಿ ಅಂತ ನನ್ನ ವಾದ. ವಿಮಾನದ ಟೈಮಿಗೆ ಹೊಂದಿಸಿ, ಕಲ್ಯಾಣದಿಂದ ಹುಮನಾಬಾದ್ ಮ್ಯಾಲೆ ಬೀದರ್ ಏರ್‌ಪೋರ್ಟಿಗೆ ಒಂದು ಬಸ್ಸು, ವಿಮಾನ ತಡ ಆದರ ಅಲ್ಲೇ ನಿಲ್ಲೋ ಬಸ್ಸು. ಹುಮನಾಬಾದಿನಾಗ ಹೈದರಾಬಾದ್ ಹೈವೇ ಅದ, 2017ರಿಂದ ಬೀದರ್–ಕಲಬುರಗಿ ರೈಲೂ ಅದ. ಸುತ್ತಲಿನ ಹಳ್ಳಿಯವರು ಅಲ್ಲಿಗೆ ಹೆಂಗೋ ಬಂದು ಮುಟ್ಟತಾರ. ಮುಂದಿನ ತುಂಡು ಜೋಡಿಸೂದು ಉಳಿದದ.

ಮುಂದಿನ ಸಲ ವೋಟು ಕೇಳಾಕ ಬಂದವರು 'ವಿಮಾನ ತಂದೀವಿ' ಅಂದರ, ನೀವು ಬಸ್ಸಿನ ಟೈಮ್ ಕೇಳ್ರಿ.

ನಿಮ್ಮ ಮನಿ ಬಾಗಿಲಿನಿಂದ ಬೆಂಗಳೂರು ರೂಮಿನ ಬಾಗಿಲಿಗೆ ಎಷ್ಟು ತಾಸು? ಊರಿನ ಹೆಸರು ಹಾಕಿ ಕಾಮೆಂಟಿನಾಗ ಬರೀರಿ. ನಾ ಪಟ್ಟಿ ಮಾಡ್ತೀನಿ.

#ಕಲ್ಯಾಣದಲೆಕ್ಕ #ಬಸವಕಲ್ಯಾಣ #ಹುಮನಾಬಾದ್ #ಬೀದರ್