ಆನುವಂಶಿಕ ಕೊಲೆಸ್ಟ್ರಾಲ್: ಪಥ್ಯ ಬೇಕು, ಪಥ್ಯವೊಂದೇ ಸಾಲದು

ಅಪ್ಪನಿಗೋ ಅಮ್ಮನಿಗೋ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ 240 ಇದೆ ಎಂದು ಲ್ಯಾಬ್ ರಿಪೋರ್ಟ್ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಬದಲಾಗುವುದು ಅಡುಗೆಮನೆ. ತುಪ್ಪದ ಡಬ್ಬಿ ಮೇಲಿನ ಗೂಡು ಸೇರುತ್ತದೆ. ನೆನೆಸಿದ ಮೆಂತ್ಯ, ಅಗಸೆ ಬೀಜದ ಪುಡಿ, ಹಸಿ ಬೆಳ್ಳುಳ್ಳಿ ಖಾಲಿ ಹೊಟ್ಟೆಯ ಪಾಲಿಗೆ ಬರುತ್ತವೆ. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಮೀನೆಣ್ಣೆ ಕ್ಯಾಪ್ಸೂಲುಗಳ ದೊಡ್ಡ ಡಬ್ಬಿಯನ್ನೇ ತರುತ್ತಾರೆ. ವೈದ್ಯರು ಬರೆದುಕೊಟ್ಟ ಚೀಟಿ ಮಾತ್ರ, ಮೂರು ತಿಂಗಳು ಪಥ್ಯ ಮಾಡಿ ನೋಡೋಣ ಎಂಬ ಮಾತಿನ ಮೇಲೆ ಫೈಲಿನಲ್ಲೇ ಉಳಿಯುತ್ತದೆ. ಹೆತ್ತವರ ಮೇಲಿನ ಅಕ್ಕರೆಯಿಂದಲೇ ಇಷ್ಟೆಲ್ಲ ನಡೆಯುತ್ತದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಕೊಲೆಸ್ಟ್ರಾಲ್ ವಂಶವಾಹಿಯ ಮೂಲಕವೇ ಬಂದಿದ್ದರೆ ಈ ಅಕ್ಕರೆ ಎರಡು ಕಡೆ ದಾರಿ ತಪ್ಪುತ್ತದೆ. ಊಟದಿಂದ ಆಗದ ಕೆಲಸವನ್ನು ಊಟಕ್ಕೆ ಹೊರಿಸುತ್ತದೆ. ಅಪ್ಪ-ಅಮ್ಮನ ತಟ್ಟೆಯನ್ನು ಕಾಯುತ್ತಿರುವ ಮಕ್ಕಳು ತಮ್ಮ ರಕ್ತವನ್ನೇ ಪರೀಕ್ಷಿಸಿಕೊಳ್ಳುವುದಿಲ್ಲ.

ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಆನುವಂಶಿಕ ಅಧಿಕ ಕೊಲೆಸ್ಟ್ರಾಲ್ ಇರುವವರಲ್ಲಿ, ತಂದೆಯಿಂದಲೋ ತಾಯಿಯಿಂದಲೋ ಬಂದ ಒಂದು ವಂಶವಾಹಿ ಕೆಟ್ಟಿರುವ ಕಾರಣ, ಈ ಗ್ರಾಹಕಗಳಲ್ಲಿ ಸುಮಾರು ಅರ್ಧ ಮಾತ್ರ ಕೆಲಸ ಮಾಡುತ್ತವೆ. ತೂಬು ಅರ್ಧ ಕಟ್ಟಿಕೊಂಡ ಕೆರೆಗೆ ಹರಿದು ಬರುವ ನೀರನ್ನು ಕೊಂಚ ತಗ್ಗಿಸಿದರೆ ಮಟ್ಟ ಎಷ್ಟು ಇಳಿದೀತು? ಮೇಲಾಗಿ ದೇಹದ ಕೊಲೆಸ್ಟ್ರಾಲಿನ ಬಹುಪಾಲು ತಯಾರಾಗುವುದು ದೇಹದೊಳಗೇ. ಜಗತ್ತಿನಲ್ಲಿ 250ರಿಂದ 300 ಜನರಿಗೊಬ್ಬರಂತೆ ಈ ದೋಷವಿದೆ. ಹುಟ್ಟಿದಂದಿನಿಂದಲೇ ರಕ್ತನಾಳಗಳು ಹೆಚ್ಚಿನ ಎಲ್‌ಡಿಎಲ್‌ನಲ್ಲಿ ನೆನೆಯುವುದರಿಂದ ಮೂವತ್ತು-ನಲವತ್ತರ ವಯಸ್ಸಿಗೇ ಹೃದಯಾಘಾತವಾಗುವುದುಂಟು. ಹಾಗೆಂದು ಕೊಲೆಸ್ಟ್ರಾಲ್ ಹೆಚ್ಚಿರುವ ಎಲ್ಲರಿಗೂ ಈ ಹಣೆಪಟ್ಟಿ ಹಚ್ಚುವಂತಿಲ್ಲ. ಥೈರಾಯ್ಡ್ ಕಡಿಮೆಯಾದರೂ ಎಲ್‌ಡಿಎಲ್ ಏರುತ್ತದೆ. ಮೊದಲು ಅದನ್ನು ನೋಡಿಸಬೇಕು. ಎಲ್‌ಡಿಎಲ್ 190 ದಾಟಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ನಡೆದಿದ್ದರೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಗಂಟುಗಂಟಾಗಿ ದಪ್ಪವಾಗಿದ್ದರೆ ಅನುಮಾನ ಬಲವಾಗುತ್ತದೆ.

ಹಾಗಾದರೆ ಪಥ್ಯ ವ್ಯರ್ಥವೇ? ಖಂಡಿತ ಅಲ್ಲ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ತಂಡ ಓಟ್ಸ್, ಸೋಯಾ, ಬಾದಾಮಿ, ಸಸ್ಯಜನ್ಯ ಸ್ಟೆರಾಲ್‌ಗಳನ್ನು ಕೂಡಿಸಿದ ಆಹಾರಕ್ರಮವನ್ನು 2003ರಲ್ಲಿ ಪರೀಕ್ಷಿಸಿದಾಗ ಒಂದೇ ತಿಂಗಳಲ್ಲಿ ಎಲ್‌ಡಿಎಲ್ ಶೇ 28ರಷ್ಟು ಇಳಿಯಿತು. ಪಥ್ಯವೇ ಸಾಕು ಎನ್ನುವವರ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಕ್ಷ್ಯ ಇದು. ಆದರೆ ಅಲ್ಲಿ ಊಟವನ್ನು ಸಂಶೋಧಕರೇ ಒದಗಿಸಿದ್ದರು. ಜನರಿಗೆ ಸಲಹೆ ಮಾತ್ರ ಕೊಟ್ಟು, ತಮ್ಮ ಮನೆಯಲ್ಲೇ ಉಣ್ಣಲು ಬಿಟ್ಟ 2011ರ ಅಧ್ಯಯನದಲ್ಲಿ ಇಳಿಕೆ ಸುಮಾರು ಶೇ 13ಕ್ಕೆ ನಿಂತಿತು. ಈಗ 240ರ ಲೆಕ್ಕ ಹಾಕಿ ನೋಡಿ. ಬೇಕರಿ ತಿನಿಸು, ಪಾಮ್ ಎಣ್ಣೆ, ಕೆನೆ ಬಿಟ್ಟು, ದಿನವೂ ಇಸಬ್‌ಗೋಲು ಕುಡಿದು, ಕಾಳು-ಸೊಪ್ಪು ಹೆಚ್ಚಿಸಿ ಶೇ 20ರಷ್ಟು ಇಳಿಸಿದರೂ ಉಳಿಯುವುದು 192. ಪೂರ್ಣ ಪ್ರಮಾಣದ ಸ್ಟ್ಯಾಟಿನ್ ಮಾತ್ರೆ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ತರುತ್ತದೆ. ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಜೊತೆಗೂಡಿದರೆ ಇನ್ನೊಂದು ಐದನೇ ಒಂದು ಭಾಗ ಇಳಿಯುತ್ತದೆ. ಹೃದಯಾಘಾತ ಆಗಿಹೋದವರಿಗೆ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಇಟ್ಟ ಗುರಿ 55ಕ್ಕಿಂತ ಕಡಿಮೆ. ಅಲ್ಲಿಗೆ ತಲುಪಲು ಮಾತ್ರೆಯೂ ಬೇಕು, ಪಥ್ಯವೂ ಬೇಕು, ಕೆಲವರಿಗೆ ಚುಚ್ಚುಮದ್ದೂ ಬೇಕು.

ಸಪ್ಲಿಮೆಂಟುಗಳ ಕಥೆ ಇದಕ್ಕಿಂತ ಸಪ್ಪೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮೀನೆಣ್ಣೆ, ಬೆಳ್ಳುಳ್ಳಿ, ಚಕ್ಕೆ, ಅರಿಶಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ ಈ ಆರನ್ನೂ 5 ಮಿಲಿಗ್ರಾಂ ರೋಸುವಾಸ್ಟ್ಯಾಟಿನ್ ಎದುರು 28 ದಿನ ಇಟ್ಟು ನೋಡಲಾಯಿತು. ಆ ಚಿಕ್ಕ ಮಾತ್ರೆ ಎಲ್‌ಡಿಎಲ್ ಅನ್ನು ಶೇ 38ರಷ್ಟು ಇಳಿಸಿತು. ಆರರಲ್ಲಿ ಒಂದೂ ಬರಿಯ ಸಕ್ಕರೆ ಗುಳಿಗೆಗಿಂತ ಗಣನೀಯವಾಗಿ ಹೆಚ್ಚು ಕೆಲಸ ಮಾಡಲಿಲ್ಲ. ಅವಧಿ ಚಿಕ್ಕದಾಯಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ದಿನಕ್ಕೆ ಎರಡು ಗ್ರಾಂ ಸಸ್ಯ ಸ್ಟೆರಾಲ್ ಶೇ 8–10ರಷ್ಟು ಇಳಿಸುತ್ತದೆಂದು ಬೇರೆ ಅಧ್ಯಯನಗಳು ತೋರಿಸಿವೆ. ಆದರೂ ಆ ಶೇ 10ರಿಂದ 240ಕ್ಕೆ ಪರಿಹಾರವಿಲ್ಲ. ಮೀನೆಣ್ಣೆ ಟ್ರೈಗ್ಲಿಸರೈಡ್ ಇಳಿಸುತ್ತದೆಯೇ ಹೊರತು ಎಲ್‌ಡಿಎಲ್ ಅನ್ನಲ್ಲ. ಹೆಚ್ಚು ಎಚ್ಚರ ಬೇಕಾದದ್ದು ಕೆಂಪು ಯೀಸ್ಟ್ ಅಕ್ಕಿಯ ಗುಳಿಗೆಯಲ್ಲಿ. ಇದು ನಮ್ಮ ಕೆಂಪಕ್ಕಿಯಲ್ಲ, ಶಿಲೀಂಧ್ರ ಬೆಳೆಸಿದ ಅಕ್ಕಿ. ಅದರಲ್ಲಿರುವ ಮೊನಾಕೊಲಿನ್-ಕೆ ಎಂಬ ಅಂಶ ಲೋವಾಸ್ಟ್ಯಾಟಿನ್ ಎಂಬ ಔಷಧವೇ. ಯಾವ ಡಬ್ಬಿಯಲ್ಲಿ ಎಷ್ಟಿದೆ ಎಂಬ ಖಾತರಿಯಿಲ್ಲ, ಮೂತ್ರಪಿಂಡಕ್ಕೆ ಹಾನಿ ಮಾಡುವ ಸಿಟ್ರಿನಿನ್ ಎಂಬ ವಿಷ ಬೆರೆತಿರುವುದೂ ಉಂಟು. ಮಾತ್ರೆಗೆ ಹೆದರಿ ಇದನ್ನು ನುಂಗುವವರು ಅಳತೆಯಿಲ್ಲದ ಮಾತ್ರೆಯನ್ನೇ ನುಂಗುತ್ತಿರುತ್ತಾರೆ.

ಮಾತ್ರೆಯಿಂದ ಮೈಕೈ ನೋವು ಬರುತ್ತದೆ ಎಂಬುದು ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ನೋವು ಸುಳ್ಳೆಂದು ಹೇಳುವುದು ರೋಗಿಗೆ ಮಾಡುವ ಅವಮಾನ. ಆದರೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ 2020ರ ಅಧ್ಯಯನ ಯೋಚಿಸುವಂತೆ ಮಾಡುತ್ತದೆ. ಅಡ್ಡಪರಿಣಾಮವೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿ ಗುಳಿಗೆ ಕೊಟ್ಟು, ಕೆಲವು ತಿಂಗಳು ಏನೂ ಕೊಡದೆ ನೋಡಿದಾಗ, ಸ್ಟ್ಯಾಟಿನ್ ತಂದ ತೊಂದರೆಯ ಶೇ 90ರಷ್ಟನ್ನು ಹುಸಿ ಗುಳಿಗೆಯೂ ತಂದಿತ್ತು. ಸಕ್ಕರೆ ಕಾಯಿಲೆಯ ಸಾಧ್ಯತೆ ತುಸು ಹೆಚ್ಚುವುದು ನಿಜ, ಕೆಲವರಿಗೆ ಸ್ನಾಯುವಿನ ತೊಂದರೆ ಆಗುವುದೂ ನಿಜ. ಅಂಥವರಿಗೆ ಪ್ರಮಾಣ ತಗ್ಗಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು. ವೈದ್ಯರನ್ನು ಕೇಳದೆ ನಿಲ್ಲಿಸಿಬಿಡುವುದೇ ಅಪಾಯ. ಅಜ್ಜ ತುಪ್ಪ ತಿಂದು ತೊಂಬತ್ತು ಬದುಕಿದ ಎನ್ನುವವರಿಗೆ ಉತ್ತರ ಸರಳವಾಗಿದೆ: ಆ ಅಜ್ಜನಿಗೆ ಬಹುಶಃ ಈ ವಂಶವಾಹಿ ದೋಷವೇ ಇರಲಿಲ್ಲ.

ತಂದೆಗೋ ತಾಯಿಗೋ ಈ ದೋಷ ಇದ್ದರೆ ಅದು ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ದಾಟುತ್ತದೆ. ಆಮ್‌ಸ್ಟರ್‌ಡ್ಯಾಂನಲ್ಲಿ ಬಾಲ್ಯದಲ್ಲೇ ಸ್ಟ್ಯಾಟಿನ್ ಶುರುಮಾಡಿದ ಇಂಥ ಮಕ್ಕಳನ್ನು 20 ವರ್ಷ ಹಿಂಬಾಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. 39ನೇ ವಯಸ್ಸಿನೊಳಗೆ ಹೃದಯ-ರಕ್ತನಾಳದ ಅವಘಡ ಕಂಡವರು ಆ ಮಕ್ಕಳಲ್ಲಿ ಶೇ 1. ಅದೇ ವಂಶವಾಹಿ ಹೊತ್ತ ಅವರ ತಂದೆ-ತಾಯಿಯರಲ್ಲಿ ಅದೇ ವಯಸ್ಸಿಗೆ ಶೇ 26. ತಂದೆಯ ರಿಪೋರ್ಟನ್ನು ಮನೆಮಂದಿಯೆಲ್ಲ ತಮ್ಮದೆಂದು ಓದಬೇಕಾದದ್ದು ಇದಕ್ಕೇ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ತಪಾಸಣೆಗೆ ಸಾಲುಗಟ್ಟಿದರು. ಆದರೆ ಇಸಿಜಿ ಸರಿಯಿರುವ ಮನುಷ್ಯನಲ್ಲೂ ಈ ದೋಷ ಇರಬಹುದು; ಅದರ ಸುಳಿವು ಸಿಗುವುದು ಲಿಪಿಡ್ ಪ್ರೊಫೈಲ್‌ನಲ್ಲಿ. 30 ದಾಟಿದವರಿಗೆ ಸರ್ಕಾರ ನಡೆಸುವ ರಾಷ್ಟ್ರೀಯ ತಪಾಸಣೆಯ ಕೇಂದ್ರದಲ್ಲಿರುವುದು ಬಿಪಿ, ಸಕ್ಕರೆ ಮತ್ತು ಕೆಲವು ಕ್ಯಾನ್ಸರ್. ಆದರೆ 18ರ ವಯಸ್ಸಿಗೇ, ಮನೆತನದಲ್ಲಿ ಕಾಯಿಲೆಯಿದ್ದರೆ ಅದಕ್ಕೂ ಮೊದಲೇ, ಲಿಪಿಡ್ ಪರೀಕ್ಷೆ ಆಗಬೇಕೆಂದು ನಮ್ಮ ಹೃದ್ರೋಗ ತಜ್ಞರೇ 2024ರ ಮಾರ್ಗಸೂಚಿಯಲ್ಲಿ ಹೇಳಿದ್ದಾರೆ. ನಲವತ್ತೈದರೊಳಗೆ ಹೃದಯಾಘಾತವಾಗಿ ಸರ್ಕಾರಿ ಆಸ್ಪತ್ರೆಗೆ ದಾಖಲಾಗುವ ಪ್ರತಿಯೊಬ್ಬರ ಒಡಹುಟ್ಟಿದವರನ್ನೂ ಮಕ್ಕಳನ್ನೂ, ರೋಗಿ ಮನೆಗೆ ಮರಳುವ ಮುನ್ನವೇ, ಈ ಒಂದು ರಕ್ತ ಪರೀಕ್ಷೆಗೆ ಕರೆಸುವ ನಿಯಮವನ್ನು ಆರೋಗ್ಯ ಇಲಾಖೆ ತರಬೇಕು. ಹೊಸ ಕಟ್ಟಡವಾಗಲಿ ಹೊಸ ಯಂತ್ರವಾಗಲಿ ಅದಕ್ಕೆ ಬೇಕಿಲ್ಲ.