‘ಸರ್ವರ್ ಡೌನ್’: ಅರ್ಜಿಯು ನಿಂತದ್ದೆಲ್ಲಿ?

ಸೇವಾ ಕೇಂದ್ರಗಳಲ್ಲಿ ಸಾರ್ವಜನಿಕರಿಗೆ ಪದೇಪದೇ ದೊರೆಯುವ ಉತ್ತರ ‘ಸರ್ವರ್ ಡೌನ್’ ಎಂಬುದಾಗಿದೆ. ಯಾವ ಸರ್ವರ್ ಎಂಬುದನ್ನು ಅದು ತಿಳಿಸುವುದಿಲ್ಲ. ಟಿಳಕವಾಡಿಯ ನಿವಾಸಿಗಳಾಗಲಿ, ಖಾನಾಪುರ ತಾಲ್ಲೂಕಿನ ಗ್ರಾಮಸ್ಥರಾಗಲಿ ಸಲ್ಲಿಸುವ ಅರ್ಜಿಯು ಕಣ್ಣಿಗೆ ಕಾಣುವ ಪೋರ್ಟಲ್‌ನಲ್ಲಿಯೇ ಮುಗಿಯುವುದಿಲ್ಲ. ಪೋರ್ಟಲ್‌ನ ಸರ್ವರ್ ಸದರಿ ಕೋರಿಕೆಯನ್ನು ದೂರದ ಮತ್ತೊಂದು ಸರ್ವರ್‌ಗೆ ರವಾನಿಸಿ, ಅಲ್ಲಿಂದ ಉತ್ತರ ಬಂದ ತರುವಾಯವಷ್ಟೇ ಮುಂದಿನ ಪುಟವನ್ನು ತೆರೆಯುತ್ತದೆ. ಟಪಾಲು ಶಾಖೆಯು ಕಡತವನ್ನು ಮೇಲಿನ ಕಚೇರಿಗೆ ಕಳುಹಿಸಿ ಕಾದು ಕುಳಿತಂತೆ.

ಗೃಹಜ್ಯೋತಿ ಯೋಜನೆಯ ನೋಂದಣಿಯು 2023ರ ಜೂನ್ 18ರಂದು ಆರಂಭವಾದಾಗ ಇದು ಸ್ಪಷ್ಟವಾಯಿತು. ಗ್ಯಾರಂಟಿ ಯೋಜನೆಗಳಿಗಾಗಿ ಸೇವಾಸಿಂಧುವಿನಲ್ಲಿ ಪ್ರತ್ಯೇಕ ಪೋರ್ಟಲ್ ರೂಪಿಸಲಾಗಿತ್ತು. ಆದರೆ ಆಧಾರ್ ದೃಢೀಕರಣದ ಕೋರಿಕೆಯು ವಿಶಿಷ್ಟ ಗುರುತಿನ ಪ್ರಾಧಿಕಾರದ ವ್ಯವಸ್ಥೆಗೆ ಹೋಗಬೇಕಿತ್ತು. ಅಕೌಂಟ್ ಐಡಿಗೆ ಸಂಬಂಧಿಸಿದ ಗ್ರಾಹಕರ ವಿವರವು ವಿದ್ಯುತ್ ಸರಬರಾಜು ಕಂಪನಿಯಿಂದ, ಬೆಳಗಾವಿಯ ಮಟ್ಟಿಗೆ ಹೆಸ್ಕಾಂನಿಂದ, ಬರಬೇಕಿತ್ತು. ಮುಂಬಾಗಿಲನ್ನು ಅಗಲಗೊಳಿಸಿದ ಮಾತ್ರಕ್ಕೆ ಹಿಂಬಾಗಿಲುಗಳು ಅಗಲವಾಗುವುದಿಲ್ಲ. ಜುಲೈ ತಿಂಗಳ ಬಳಕೆಗೆ ಸೌಲಭ್ಯ ಪಡೆಯಲು ಜುಲೈ 25ರೊಳಗೆ ನೋಂದಾಯಿಸಬೇಕಾಗಿದ್ದುದರಿಂದ, ಉತ್ತರ ಬಾರದ ಒಂದು ಕೋರಿಕೆಯೆಂದರೆ ಒಂದು ಕುಟುಂಬಕ್ಕೆ ಒಂದು ತಿಂಗಳ ಬಿಲ್ಲು.

ಇಲ್ಲಿ ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಪೋರ್ಟಲ್ ನಿಗದಿತ ಸೆಕೆಂಡುಗಳವರೆಗೆ ಮಾತ್ರ ಕಾಯುತ್ತದೆ. ಅವಧಿ ಮೀರಿದರೆ ಪರದೆಯ ಮೇಲೆ ದೋಷದ ಸಂದೇಶ ಮೂಡುತ್ತದೆ. ಆದರೆ ಕೋರಿಕೆ ತಲುಪಿಲ್ಲವೆಂದು ಇದರ ಅರ್ಥವಲ್ಲ. ದೂರದ ಸರ್ವರ್ ಅರ್ಜಿಯನ್ನು ದಾಖಲಿಸಿಕೊಂಡು, ಅದರ ಉತ್ತರವಷ್ಟೇ ಹಿಂದಿರುಗುವಾಗ ತಪ್ಪಿಹೋಗಿರಬಹುದು. ಆಗ ಪುನಃ ಗುಂಡಿ ಒತ್ತಿದಲ್ಲಿ ಅರ್ಜಿ ಎರಡಾಗುವ, ಶುಲ್ಕ ಎರಡು ಬಾರಿ ಕಡಿತವಾಗುವ ಸಂಭವವಿರುತ್ತದೆ. ಆದ್ದರಿಂದ ಮೊದಲು ಅರ್ಜಿಯ ಸ್ಥಿತಿಯನ್ನು ಪರಿಶೀಲಿಸತಕ್ಕದ್ದು. ಹಣ ಕಡಿತವಾಗಿದ್ದಲ್ಲಿ ಬ್ಯಾಂಕಿನ ವಹಿವಾಟು ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು.

ದೂರದ ಸರ್ವರ್ ಸುಸ್ಥಿತಿಯಲ್ಲಿದ್ದರೂ ಸುಳ್ಳು ಕೋರಿಕೆಗಳ ದಟ್ಟಣೆಯಿಂದ ನಿಜವಾದವು ಹಿಂದುಳಿಯುವುದುಂಟು. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ನಡೆದ ದಾಳಿ ಇಂಥದ್ದೇ. ಋಣಭಾರ ಪತ್ರದ ಹುಡುಕಾಟಕ್ಕೆ ನಕಲಿ ಕೋರಿಕೆಗಳನ್ನು ಸುರಿದುದರಿಂದ ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳ ಕೆಲಸ ಕುಂಠಿತಗೊಂಡಿತು.

ಸಕಾಲ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಲ್ಲಿ 15 ಅಂಕಿಗಳ ಸ್ವೀಕೃತಿ ಸಂಖ್ಯೆಯೇ ಅರ್ಜಿದಾರರ ಆಧಾರ. ಅದಿಲ್ಲದೆ ಕಾಲಮಿತಿಯನ್ನು ಕೇಳಲಾಗದು, ಮೇಲ್ಮನವಿಯೂ ಕಷ್ಟ. ಕೋರಿಕೆಯು ನಡುದಾರಿಯಲ್ಲಿ ನಿಂತ ದಿನವನ್ನು ಯಾವ ದಾಖಲೆಯೂ ಅರ್ಜಿದಾರರ ಲೆಕ್ಕಕ್ಕೆ ಸೇರಿಸುವುದಿಲ್ಲ. ‘ಹೆಸ್ಕಾಂನಿಂದ ಉತ್ತರ ಬಂದಿಲ್ಲ, ಅರ್ಜಿ ದಾಖಲಾಗಿಲ್ಲ’ ಎಂದು ದಿನಾಂಕ, ವೇಳೆಯೊಡನೆ ಮುದ್ರಿತ ಚೀಟಿ ನೀಡುವುದು ತಾಂತ್ರಿಕವಾಗಿ ಕಠಿಣವೇನಲ್ಲ. ‘ಸರ್ವರ್ ಡೌನ್’ ಎಂಬ ಎರಡು ಪದಗಳಿಗಿಂತ ಅದು ಹೆಚ್ಚು ಪ್ರಯೋಜನಕಾರಿ.